ಫ್ರಿಡ್ಜು ತಣ್ಣಗಿರಲಿ, ಮೆಕ್ಯಾನಿಕ್ಕು ಬೆವರಲಿ

ತುಮಕೂರಿನಲ್ಲಿ ನನ್ನದೊಂದು ಫ್ರಿಡ್ಜ್ ರಿಪೇರಿ ಅಂಗಡಿ. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ಫ್ರಿಡ್ಜು ತಾನಾಗಿ ಕೆಡುವುದು ಅಪರೂಪ, ಅದನ್ನು ಕೆಡಿಸಲು ಮನೆಮಂದಿಯೆಲ್ಲ ಕೈಜೋಡಿಸಬೇಕು. ನಮ್ಮ ಕಡೆ ಆ ಒಗ್ಗಟ್ಟಿಗೆ ಎಂದೂ ಕೊರತೆಯಾಗಿಲ್ಲ.

ಆಯುಧಪೂಜೆಯ ಸ್ನಾನ

ಉಪ್ಪಾರಹಳ್ಳಿಯ ಸೈನ್ಸ್ ಮೇಷ್ಟ್ರ ಮನೆಗೆ ಹೊಸ ಫ್ರಿಡ್ಜ್ ಕೂರಿಸಿ ಬಂದಿದ್ದೆ. ಗೋಡೆಯಿಂದ ದೂರ ಇಡಿ, ಹಿಂಭಾಗಕ್ಕೆ ನೀರು ತಾಗಿಸಬೇಡಿ ಎಂದು ನಾನು ಹೇಳಿದ್ದನ್ನೆಲ್ಲ ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಆಯುಧಪೂಜೆಯ ದಿನ ಫೋನು ಬಂತು.

"ಫ್ರಿಡ್ಜ್ ಮುಟ್ಟಿದ್ರೆ ಜುಮ್ ಅಂತದೆ ಕಣಯ್ಯ!"

ಮೇನ್ ಆಫ್ ಮಾಡಿ, ಯಾರೂ ಮುಟ್ಟಬೇಡಿ ಎಂದು ಕೂಗಿ ಓಡಿಹೋದೆ. ನೋಡಿದರೆ ಸ್ಕೂಟರಿನ ಜೊತೆಗೆ ಫ್ರಿಡ್ಜನ್ನೂ ಅಂಗಳಕ್ಕೆ ತಂದು, ಪೈಪಿನಲ್ಲಿ ನೀರು ಹೊಡೆದು, ಒಳಗೆ ಒಯ್ದು ಪ್ಲಗ್ ಹಾಕಿದ್ದಾರೆ. ಬಾಗಿಲಿಗೆ ವಿಭೂತಿ, ನಾಲ್ಕು ಕಾಲಿಗೂ ಒಂದೊಂದು ನಿಂಬೆಹಣ್ಣು.

"ಮೇಷ್ಟ್ರೇ, ನೀವು ಸೈನ್ಸ್ ಮೇಷ್ಟ್ರಲ್ವಾ?"

"ಅದು ಸ್ಕೂಲಲ್ಲಿ. ಇವತ್ತು ರಜ."

ಒಂದು ಕಡ್ಡಿ ಗೀರಿ

ಗುಬ್ಬಿ ಹತ್ತಿರ ತೆಂಗಿನ ತೋಟದ ಗೌಡರೊಬ್ಬರ ಫ್ರೀಜರಿನಲ್ಲಿ ಐಸು ಗಡ್ಡೆ ಕಟ್ಟಿತ್ತು. ಸ್ವಿಚ್ ಆಫ್ ಮಾಡಿ ಬಿಟ್ಟಿದ್ದರೆ ತಾನಾಗಿ ಕರಗುತ್ತಿತ್ತು. ಆದರೆ ಎಳನೀರು ಕೆತ್ತುವ ಮಚ್ಚು ಕೈಗೆ ಸಿಕ್ಕಿತಲ್ಲ! ಒಂದೇ ಏಟಿಗೆ ಒಳಗಿನ ಪೈಪು ತೂತಾಗಿ ಬುಸ್ ಎಂದಿತು.

ಹೊಸ ಫ್ರಿಡ್ಜಿನ ಗ್ಯಾಸು ಬೆಂಕಿ ಹತ್ತಿಕೊಳ್ಳುವಂಥದ್ದು. ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ, ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ ಎಂದು ಫೋನಿನಲ್ಲೇ ಹೇಳಿ ಬೈಕ್ ಹತ್ತಿದೆ. ಹೋಗಿ ನೋಡಿದರೆ ಮನೆಯವರೆಲ್ಲ ಅಂಗಳದಲ್ಲಿದ್ದಾರೆ. ಗೌಡರು ಮಾತ್ರ ಅಡುಗೆಮನೆ ಬಾಗಿಲಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದಾರೆ!

"ವಾಸ್ನೆನೇ ಬರ್ತಿಲ್ಲ ಕಣೋ. ಗ್ಯಾಸ್ ಐತೋ ಇಲ್ವೋ ಒಂದ್ ಕಡ್ಡಿ ಗೀರಿ ನೋಡನ ಅಂತ."

ಓಡಿಹೋಗಿ ಪೊಟ್ಟಣ ಕಿತ್ತುಕೊಂಡೆ. ಗೌಡ್ತಿ ಅಂಗಳದಿಂದಲೇ ಸಮಾಧಾನ ಹೇಳಿದರು:

"ನಾನೂ ಅದೇ ಅಂದೆ ಕಣಪ್ಪ, ನೀನು ಬರೋಗಂಟ ಗೀರ್ಬೇಡಿ ಅಂತ. ಈಗ ಬಂದ್ಯಲ್ಲ, ಗೀರ್ಲಿ ಬುಡು."

ಬಾಗಿಲು ಕಳಚಲು ಆದೇಶ

ರಿಪೇರಿಗೆಂದು ಹೋಗಿದ್ದ ಕುಣಿಗಲ್ಲಿನ ಒಂದು ಕಚೇರಿಯ ವರಾಂಡದಲ್ಲಿ ಹಳೇ ಫ್ರಿಡ್ಜೊಂದು ವಿಲೇವಾರಿಗೆ ಕಾಯುತ್ತಿತ್ತು. ಹೊರಗಿನಿಂದ ಹ್ಯಾಂಡಲ್ ಎಳೆದರೆ ಮಾತ್ರ ಬಾಗಿಲು ತೆರೆಯುವ ಕಾಲದ್ದು. ಅಲ್ಲಿನ ಅಟೆಂಡರಮ್ಮನ ಮೊಮ್ಮಕ್ಕಳಿಬ್ಬರು ಕಣ್ಣಾಮುಚ್ಚಾಲೆ ಆಡುತ್ತಾ ಅದರೊಳಗೆ ಇಣುಕುವುದನ್ನು ಕಂಡು ಇಬ್ಬರನ್ನೂ ಈಚೆಗೆ ಎಳೆದುಕೊಂಡೆ.

"ಆರು ತಿಂಗಳಿಂದ ಹೆಡ್ ಕ್ಲರ್ಕ್ ಸಾರ್‌ಗೆ ಹೇಳ್ತಾವ್ನಿ ಕಣಪ್ಪ, ಬಾಗಿಲು ತೆಗುಸಿ ಅಂತ," ಎಂದು ಅಟೆಂಡರಮ್ಮ ಕಣ್ಣೊರೆಸಿಕೊಂಡರು.

ನಾನೇ ಬಿಟ್ಟಿಯಾಗಿ ಕಳಚಿಕೊಡುತ್ತೇನೆ ಎಂದೆ. ಹೆಡ್ ಕ್ಲರ್ಕ್ ರಿಜಿಸ್ಟರ್ ತೆಗೆದರು.

"ಇಲ್ಲಿ 'ಫ್ರಿಡ್ಜ್, ಒಂದು' ಅಂತಿದೆ. ಬಾಗಿಲು ಕಳಚಿದ್ರೆ ಎರಡು ಐಟಂ ಆಗ್ತದೆ. ಆದೇಶ ಇಲ್ದೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ."

"ಮಗು ಒಳಗೆ ಸಿಕ್ಕಿಹಾಕ್ಕೊಂಡ್ರೆ ಉಸಿರು ಕಟ್ತದೆ ಸಾರ್!"

"ಒಳಗಿಂದ ತಳ್ಳಿದ್ರೆ ತೆರ್ಕೊತದೆ ಕಣಯ್ಯ. ನೋಡು ಇಲ್ಲಿ."

ಸಣಕಲು ಆಸಾಮಿ. ಫ್ರಿಡ್ಜಿನ ಒಳಗಿನ ಶೆಲ್ಫುಗಳು ಎಂದೋ ಯಾರದೋ ಮನೆ ಸೇರಿದ್ದವು. ಒಳಗೆ ಕುಕ್ಕರಗಾಲಲ್ಲಿ ಕೂತು ತಾವೇ ಬಾಗಿಲು ಎಳೆದುಕೊಂಡರು. ಟಕ್ ಎಂದಿತು. ಮರುಕ್ಷಣವೇ ಒಳಗಿಂದ ದಬದಬ ಬಡಿತ.

ನಾನು ಹಾರಿ ಹ್ಯಾಂಡಲ್ ಎಳೆದೆ. ಬಾಗಿಲು ಒಂದು ಗೇಣು ತೆರೆದಿತ್ತು, ಅಷ್ಟರಲ್ಲಿ ಅಟೆಂಡರಮ್ಮ ಅದಕ್ಕೆ ಕಾಲು ಅಡ್ಡ ಕೊಟ್ಟರು.

"ಗಾಳಿ ಆಡಕ್ಕೆ ಇಷ್ಟು ಸಾಕು. ಆದೇಶ ಇಲ್ದೆ ಮುಟ್ಟಂಗಿಲ್ಲ ಅಂತ ಸಾರೇ ಅಂದವ್ರೆ."

ಸಂದಿಯಿಂದ ಬಿಳಿ ಹಾಳೆ, ಪೆನ್ನು ಒಳಗೆ ಹೋದವು. ಬಾಗಿಲು ಕಳಚಲು ಅನುಮತಿಸಿದೆ ಎಂಬ ಆದೇಶ ಎರಡೇ ನಿಮಿಷದಲ್ಲಿ ಹೊರಬಂತು. ಆ ಕಚೇರಿಯಲ್ಲಿ ಅಷ್ಟು ಬೇಗ ಮುಗಿದ ಕೆಲಸವನ್ನು ನಾನು ಇನ್ನೊಂದು ಕಂಡಿಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

"ತಡಿಯಪ್ಪ," ಎಂದ ಅಟೆಂಡರಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ರಬ್ಬರ್ ಸ್ಟಾಂಪು, ಪ್ಯಾಡು ಎರಡನ್ನೂ ಒಳಗೆ ತೂರಿಸಿದರು. "ಸೀಲು ಮರ್ತಿದ್ದೀರ ಸಾರ್."