ಸಾಹೇಬರ ಭಾಷಣ, ನನ್ನ ಕನ್ನಡ

ದೊಡ್ಡವರ ಹಿಂದೆ ಓಡಾಡುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ ನಾನು ಮಾದಾಪುರದ ಕಡೆ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಚುನಾವಣೆ ಬಂತು, ನನ್ನ ಹೊಟ್ಟೆಯುರಿಯೂ ಶುರುವಾಯಿತು.

ಕ್ಲಬ್ಬಿನ ಮೆಟ್ಟಿಲು

ಟಿಕೆಟ್ ನನಗೇ ಎಂದು ನಂಬಿದ್ದೆ. ಅಭ್ಯರ್ಥಿಯನ್ನು ಆರಿಸುವ ಸಭೆ ಪ್ಲಾಂಟರುಗಳ ಕ್ಲಬ್ಬಿನಲ್ಲಿ. ಪಂಚೆ ಉಟ್ಟವರನ್ನು ಒಳಗೆ ಬಿಡುವುದಿಲ್ಲವೆಂದು ನನ್ನನ್ನು ಬಾಗಿಲಲ್ಲೇ ತಡೆದರು. ಮೆಟ್ಟಿಲ ಮೇಲೆ ಕೂತು ಕಾದೆ. ಕೊನೆಗೆ ಇಂಗ್ಲೆಂಡಿನಲ್ಲಿ ಓದಿ ಬಂದ ಸಾಹೇಬರೊಬ್ಬರು ಹೊರಬಂದು ನನ್ನ ಕೈ ಕುಲುಕಿ ಇಂಗ್ಲಿಷಿನಲ್ಲೇ ಹೇಳಿದರು:

"ಟಿಕೆಟ್ ನನಗಾಯಿತು. ಇನ್ನು ಜನಸಾಮಾನ್ಯರದ್ದೇ ರಾಜ್ಯ ಅಂತ ಒಳಗೆ ಎಲ್ಲರೂ ಒಪ್ಪಿದರು."

"ಒಳಗೆ ಜನಸಾಮಾನ್ಯರು ಯಾರಿದ್ರು ಸಾರ್?"

ಸಾಹೇಬರು ಸ್ವಲ್ಪ ಯೋಚಿಸಿದರು. "ಬೇರರ್ ಇದ್ದ."

ಯೂರೋಪಿನ ಶಾಂತಿ

ಸಾಹೇಬರು ಕನ್ನಡ ಪೂರಾ ಮರೆತಿದ್ದರು. ಅವರ ಭಾಷಣ ಅನುವಾದಿಸುವ ಕೆಲಸವನ್ನು ನಮ್ಮ ಎಸ್ಟೇಟಿನ ಧಣಿ ನನ್ನ ತಲೆಗೆ ಕಟ್ಟಿದರು. ಸಂತೆಯಲ್ಲಿ ನಿಂತು ಸಾಹೇಬರು ಯೂರೋಪಿನ ಶಾಂತಿ, ಮನುಕುಲದ ಐಕ್ಯ, ನಾವೆಲ್ಲ ವಿಶ್ವದ ಪ್ರಜೆಗಳು ಅಂತ ಕಾಲು ಗಂಟೆ ಇಂಗ್ಲಿಷ್ ಸುರಿಸಿದರು. ಜನ ಆಕಳಿಸಿದರು. ನಾನು ಎದ್ದು, "ಹೊಳೆಗೆ ಸೇತುವೆ ಕಟ್ಟಿಸಿಕೊಡ್ತಾರಂತೆ" ಅಂದೆ.

ಚಪ್ಪಾಳೆಯೋ ಚಪ್ಪಾಳೆ! ಮಾತು ನನ್ನದು, ಹಾರ ಬಿದ್ದದ್ದು ಅವರ ಕೊರಳಿಗೆ.

ಜೀಪಿನಲ್ಲಿ ಸಾಹೇಬರು ಕಣ್ಣೊರೆಸಿಕೊಂಡರು. "ಇವರನ್ನ ತಪ್ಪು ತಿಳಿದಿದ್ದೆ ರೈಟರೇ. ಯೂರೋಪ್ ಅಂದರೆ ಇವರಿಗೆ ಎಷ್ಟು ಪ್ರಾಣ!"

ಹೊಸ ಕೋಟು

ಅವರೇ ಗೆದ್ದರು. ಜನ ವೋಟು ಹಾಕಿದ್ದು ಕೋಟು ನೋಡಿಯೇ ಎಂದು ತೀರ್ಮಾನಿಸಿ, ಸೋಮವಾರಪೇಟೆಯ ದರ್ಜಿಯ ಹತ್ತಿರ ನಾನೂ ಕೋಟು, ಪ್ಯಾಂಟು ಹೊಲಿಸಿದೆ. ಹ್ಯಾಟು, ಬೂಟನ್ನೂ ಕೊಂಡೆ. ಹಾಕಿಕೊಂಡು ಮೊದಲು ಮನೆಗೇ ಹೋದೆ.

ಅಂಗಳದಲ್ಲಿ ಅವ್ವ ಕಾಫಿ ಹಣ್ಣು ಒಣಹಾಕುತ್ತಿದ್ದಳು. ಅವಳಿಗೆ ಕಣ್ಣು ಮಂಜು. ಬೂಟಿನ ಸದ್ದಿಗೆ ಗಡಬಡಿಸಿ ಎದ್ದು ಸೆರಗು ಹೊದ್ದಳು.

"ಬನ್ನಿ ಸ್ವಾಮಿ. ಮಗ ಮನೇಲಿಲ್ಲ."

ನನಗೆ ತಮಾಷೆ ಅನ್ನಿಸಿತು. ದನಿ ಬದಲಿಸಿ, "ನಿಮ್ಮ ಮಗ ಭಾರೀ ಬುದ್ಧಿವಂತರಂತೆ?" ಅಂದೆ.

ಅವ್ವ ಆಚೀಚೆ ನೋಡಿ ಹತ್ತಿರ ಬಂದಳು.

"ಎಲ್ಲಿ ಬಂತು ಬುದ್ಧಿ? ಆ ಸಾಹೇಬ್ರು ಗೆದ್ದಾಗ್ಲಿಂದ ಸರಿಯಾಗಿ ಅನ್ನ ಮುಟ್ಟಿಲ್ಲ. ನಾನೂ ಅವ್ರಿಗೇ ವೋಟು ಹಾಕ್ದೆ. ಅವನಿಗೆ ಮಾತ್ರ ಹೇಳ್ಬೇಡಿ ಸ್ವಾಮಿ."