ನಿತೇಶನ ಪೆಟ್ಟಿಗೆಯಿಂದ ನಮ್ಮನ್ನು ಹೊರತೆಗೆಯುವ ಬಗ್ಗೆ

ಇಂದ:
ಮಾಲತಿ, ಕಾಫಿ ಪಿಕ್ಕಿಂಗ್ ಕೆಲಸ,
ಲೈನ್ ಮನೆ ನಂ. 4, ತಿತಿಮತಿ

ಗೆ:
ದಿವ್ಯಶ್ರೀ ಮೇಡಂ ಅವರು,
ನಮ್ಮ ಎಸ್ಟೇಟಿನ ಹಾಜರಿ ಆ್ಯಪ್ ಮಾಡಿಕೊಟ್ಟವರು, ಮಡಿಕೇರಿ

ವಿಷಯ: ಗಂಡನ ಪೆಟ್ಟಿಗೆಯೊಳಗಿನಿಂದ ನನ್ನನ್ನು, ಅತ್ತೆಯನ್ನು ಹಾಗೂ ಮನೆಯನ್ನು ಹೊರತೆಗೆಯಲು ಕೋರಿ.

ಉಲ್ಲೇಖ: ಎಸ್ಟೇಟಿನ ಹಾಜರಿ ಹಾಕುವ ರೈಟರ್ ಚಂದ್ರು ಅವರ ಮೌಖಿಕ ಉತ್ತರ, "ಸಿಸ್ಟಮ್ ಹಂಗೇ ಇರೋದು."

ಮಾನ್ಯರೇ,

ತಾವು ಆ್ಯಪಿನಲ್ಲಿ ಎಸ್ಟೇಟಿನೊಳಗೆ ಕೆಲಸದವರ ಮನೆಗಳ ಲೈನು, ಲೈನಿನೊಳಗೆ ಸಂಸಾರದ ಯಜಮಾನ, ಯಜಮಾನನೊಳಗೆ ಮನೆ ಮತ್ತು ಮಿಕ್ಕವರು, ಹೀಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಿದ್ದೀರಿ. ನೋಡಲು ಅಚ್ಚುಕಟ್ಟಾಗಿದೆ. ಅದರಿಂದ ಆದದ್ದನ್ನು ಈ ಕೆಳಗೆ ನಿವೇದಿಸಿಕೊಳ್ಳುತ್ತೇನೆ.

1. ನನ್ನ ಗಂಡ ನಿತೇಶ್ ವಾಲಿಬಾಲ್ ಪಂದ್ಯಕ್ಕೆ ಹೋದ ದಿನ ರೈಟರ್ ಅವನ ಪೆಟ್ಟಿಗೆಗೆ 'ರಜೆ' ಒತ್ತುತ್ತಿದ್ದರು. ಆದಕಾರಣ ಅದರೊಳಗಿದ್ದ ನನಗೂ ರಜೆಯಾಗುತ್ತಿತ್ತು. ನಾನಾದರೋ ಬೆಳಗ್ಗಿನಿಂದ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2. ಕಳೆದ ತಿಂಗಳು ನಿತೇಶ್ ನಮ್ಮನ್ನು ಬಿಟ್ಟು ಕುಟ್ಟದ ಕಡೆಗೆ ಹೊರಟುಹೋದ. ರೈಟರ್ ಅವನ ಪೆಟ್ಟಿಗೆಯನ್ನು ಬೆರಳಿನಿಂದ ಎಳೆದು 'ಕೆಲಸ ಬಿಟ್ಟವರು' ಎಂಬಲ್ಲಿ ಹಾಕಿದರು. ನಾನು, ಅತ್ತೆ ಸಿದ್ದಿ, ಮನೆ ನಂ. 4, ಎಲ್ಲ ಅದರ ಜೊತೆಗೇ ಹೋದೆವು.

"ನಾನು ಅವನೊಬ್ಬನನ್ನೇ ಎಳೆದಿದ್ದು ಮಾಲತಿ. ನೀವೆಲ್ಲ ಹಿಂದೇನೇ ಹೋಗ್ಬಿಟ್ರಿ," ಎಂದರು.

"ಹೋಗುವಾಗ ಅವ್ನು ಯಾರನ್ನೂ ಕರೀಲಿಲ್ಲ ಸಾರ್," ಎಂದೆ.

ಫೋನ್ ಚಾರ್ಜರ್ ಒಂದನ್ನು ಮಾತ್ರ ಒಯ್ದಿದ್ದ. ಇದು ನನಗೆ ಇಂದಿಗೂ ನೋವಿನ ಸಂಗತಿ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ.

3. ಆದ್ದರಿಂದ ನಮ್ಮ ಮನೆ ಈಗ ಆ್ಯಪಿನಲ್ಲಿ 'ಖಾಲಿ' ಎಂದಿದೆ. ಭಾನುವಾರ ಅಲ್ಲಿಗೆ ಬೇರೆ ಸಂಸಾರ ಬರಲಿದೆ. ಖಾಲಿ ಮನೆಯಲ್ಲಿ ಸದ್ಯ ನಾವಿಬ್ಬರು ಮತ್ತು ಅತ್ತೆಯ ಮೂರು ಕೋಳಿಗಳು ವಾಸವಾಗಿರುತ್ತೇವೆ.

4. ತಮ್ಮ ಮನೆಯಲ್ಲೂ ಒಗ್ಗರಣೆ ಡಬ್ಬಿ ಇರಬಹುದು. ಅದರಲ್ಲಿ ಬಟ್ಟಲುಗಳು ಪಕ್ಕಪಕ್ಕದಲ್ಲಿರುತ್ತವೆ. ಸಾಸಿವೆ ಮುಗಿಯಿತೆಂದು ಜೀರಿಗೆಯನ್ನು ಯಾರೂ ಹೊರಗೆ ಚೆಲ್ಲುವುದಿಲ್ಲ.

ಆದಕಾರಣ, ಮನೆಯನ್ನೇ ಹೊರಗಿನ ಪೆಟ್ಟಿಗೆ ಮಾಡಿ, ಅದರೊಳಗೆ ನನ್ನನ್ನೂ ಅತ್ತೆಯನ್ನೂ ಪಕ್ಕಪಕ್ಕದಲ್ಲಿಡಬೇಕು. ಅತ್ತೆಯನ್ನು ನನ್ನೊಳಗೆ ಇಡಬಾರದು. ಅವರನ್ನು ವಿಚಾರಿಸಿದ್ದೇನೆ.

"ಒಳಗೆ ಬ್ಯಾಡ ಮಗ. ನಾಳೆ ನೀನೂ ಎಲ್ಲಿಗಾದ್ರೂ ಹೊರಟ್ರೆ ನಾನೂ ಬರ್ಬೇಕಾಯ್ತದೆ. ಪಕ್ಕದಾಗೆ ಹಾಕ್ಸು," ಎಂದಿರುತ್ತಾರೆ.

ಈ ಕೆಲಸ ಭಾನುವಾರದೊಳಗೆ ಆಗಬೇಕು. ಮುಂದೆ ನಿತೇಶ್ ಮರಳಿ ಬಂದಲ್ಲಿ, ಆ್ಯಪ್ ಅವನನ್ನು ತಾನಾಗಿಯೇ ಒಳಗೆ ಸೇರಿಸದೆ, 'ಸೇರಿಸಬಹುದೇ? ಹೌದು / ಇಲ್ಲ' ಎಂದು ಮೊದಲು ನಮ್ಮನ್ನು ಕೇಳತಕ್ಕದ್ದು.

ತಮ್ಮ ವಿಶ್ವಾಸಿ,
(ಆ್ಯಪಿನ ಪ್ರಕಾರ ಇಲ್ಲದಿರುವ)
ಮಾಲತಿ

ಲಗತ್ತುಗಳು:
1. ಮನೆಯ ಮುಂದೆ ನಾನು ಮತ್ತು ಅತ್ತೆ ನಿಂತಿರುವ ಫೋಟೊ (ಕೋಳಿಗಳು ನಿಲ್ಲಲಿಲ್ಲ)
2. ಒಗ್ಗರಣೆ ಡಬ್ಬಿಯ ಫೋಟೊ, ಮುಚ್ಚಳ ತೆಗೆದದ್ದು

ವಿ.ಸೂ.: ಆ ಪ್ರಶ್ನೆಗೆ ಗುಂಡಿಯನ್ನು ತಾನೇ ಒತ್ತಬೇಕೆಂದು ಅತ್ತೆ ಹಟ ಹಿಡಿದಿದ್ದಾರೆ. ಅವರ ಮಗನಲ್ಲವೇ ಎಂದು ನಾನೂ ಒಪ್ಪಿದ್ದೇನೆ. ಅವರಿಗೆ ಕಣ್ಣು ಮಂಜು. ಆದ್ದರಿಂದ 'ಇಲ್ಲ' ಎಂಬ ಗುಂಡಿಯನ್ನು ದೊಡ್ಡದಾಗಿ ಮಾಡಿಕೊಡಬೇಕಾಗಿ ಕೋರಿಕೆ.