ಡಬ್ಬಿರಾಯನ ಹೊರಗಿನ ಊಟ

"ನೀವು ತಿಂದು ನೋಡಿದ್ದೀರಾ?"

ಆ ದಿನದ ಅನಾಹುತಕ್ಕೆಲ್ಲ ಈ ಒಂದು ಪ್ರಶ್ನೆಯೇ ಮೂಲ. ಕೇಳಿದವರು ನೀರಿನ ಮೀಟರ್ ರಿಪೇರಿ ವಿಭಾಗದ ಮೇಲ್ವಿಚಾರಕರು. ಕೇಳಿಸಿಕೊಂಡವನು ಅಲ್ಲಿನ ಹಳೆಯ ಮೆಕ್ಯಾನಿಕ್. ಮನೆಯ ಡಬ್ಬಿ ಬಿಟ್ಟು ಬೇರೆ ಊಟ ಮುಟ್ಟದ ಕಾರಣಕ್ಕೆ ಎಲ್ಲರ ಬಾಯಲ್ಲೂ ಡಬ್ಬಿರಾಯ ಎಂದೇ ಹೆಸರಾದವನು.

ಬೆಳಗಿನ ಚಹಾದ ಹೊತ್ತು. ರಸ್ತೆಯಾಚೆ ಹೊಸದಾಗಿ ತೆರೆದ ಹೋಟೆಲಿನದೇ ಮಾತು. ಅದರ ಬೋರ್ಡಿನ ಮೇಲೆ ಎಂಟು ಕಾಲು ಚಾಚಿದ ಆಕ್ಟೋಪಸ್ಸಿನ ಚಿತ್ರವಿತ್ತು. ಒಳಗೆ ಅದನ್ನೇ ಬೇಯಿಸಿ ಬಡಿಸುತ್ತಿದ್ದರು. ಟೈಪಿಸ್ಟ್ ಮೇಡಂ ತಿಂದಿದ್ದರು, ಮೇಲ್ವಿಚಾರಕರು ಎರಡು ಸಲ ತಿಂದಿದ್ದರು, ಗೇಟಿನ ವಾಚ್‌ಮನ್ ಕೂಡ ಬಾಗಿಲಲ್ಲಿ ನಿಂತು ವಾಸನೆ ನೋಡಿ ಬಂದಿದ್ದ. ಡಬ್ಬಿರಾಯ ಕೈಯಲ್ಲಿದ್ದ ಹಿತ್ತಾಳೆ ಮೀಟರನ್ನು ಬೆಂಚಿನ ಮೇಲಿಟ್ಟು ಎಂದಿನ ಉಪನ್ಯಾಸ ಶುರು ಮಾಡಿದ.

"ಈ ಫಾಸ್ಟ್ ಫುಡ್ ಅನ್ನೋದು ಊಟಾನೇ ಅಲ್ಲ. ಬೇಯೋಕೂ ಪುರುಸೊತ್ತಿಲ್ಲ, ಅಗಿಯೋಕೂ ಪುರುಸೊತ್ತಿಲ್ಲ. ಹೋಟೆಲಿನ ಅಡುಗೆಮನೆ ಒಂದ್ಸಲ ನೋಡಿದ್ರೆ ನೀವು ಆ ಕಡೆ ತಲೆ ಹಾಕಿ ಮಲಗಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಇನ್ನು ಆ ಆಕ್ಟೋಪಸ್ಸು! ರಬ್ಬರ್ ವಾಷರ್ ಅಗಿದ ಹಾಗಿರುತ್ತೆ."

ಆಗಲೇ ಬಂದದ್ದು ಆ ಪ್ರಶ್ನೆ.

"ಇಲ್ಲ" ಎಂದ ಡಬ್ಬಿರಾಯ.

"ಮತ್ತೆ ವಾಷರ್ ತಿಂದಿದ್ದೀರಾ?"

ಬೆಂಚು ಕುಲುಕುವಂತೆ ಎಲ್ಲರೂ ನಕ್ಕರು. ಡಬ್ಬಿರಾಯ ಮೀಟರ್ ಬಿಚ್ಚುತ್ತ ಕುಳಿತ. ಆದರೆ ಅವಮಾನಕ್ಕಿಂತ ದೊಡ್ಡದೊಂದು ಹುಳು ಅವನ ತಲೆಗೆ ಹೊಕ್ಕಿತ್ತು. ನಿಜವಾಗಿ ಅದು ಹೇಗಿರುತ್ತದೆ? ಮೆತ್ತಗೋ, ಗಟ್ಟಿಯೋ? ಚಿತ್ರದಲ್ಲಿ ಕಾಲಿನುದ್ದಕ್ಕೂ ಕಾಣುವ ಆ ಪುಟ್ಟ ಬಟ್ಟಲುಗಳನ್ನು ತಿನ್ನುತ್ತಾರೋ, ಉಗುಳುತ್ತಾರೋ? ಇಷ್ಟು ವರ್ಷ ಹೊರಗಿನ ಊಟವನ್ನು ಬೈದದ್ದೆಲ್ಲ ಬರೀ ಅಂದಾಜಿನ ಮೇಲೆ ಎಂಬುದು ಅವನಿಗೆ ಆ ಹೊತ್ತು ಹೊಳೆದು ಒಂದು ಥರ ನಾಚಿಕೆಯಾಯಿತು. ಇವತ್ತು ತಿಂದೇ ತೀರಬೇಕು ಎಂದುಕೊಂಡ.

ಅಡ್ಡಿ ಒಂದೇ. ಅದು ಕಿಟಕಿಯ ಮೇಲೆ ಕುಳಿತಿದ್ದ ಎರಡಂತಸ್ತಿನ ಸ್ಟೀಲ್ ಡಬ್ಬಿ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಳತೆ ತಪ್ಪಿದರೆ ಸಹಿಸಿಯಾಳು, ಡಬ್ಬಿಯಲ್ಲಿ ಊಟ ಮಿಕ್ಕಿ ಬಂದರೆ ಸಹಿಸಳು. ಹಿಂದೊಮ್ಮೆ ಅರ್ಧ ಡಬ್ಬಿ ವಾಪಸ್ ಹೋದಾಗ ವಾರವಿಡೀ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟು ಬೇರೆ ಯಾರೂ ಮಾತಾಡಿರಲಿಲ್ಲ. ಹಾಗಂತ ಆ ಊಟವನ್ನು ಕಸಕ್ಕೆ ಸುರಿಯಲು ಅವನಿಗೆ ಕೈ ಬರುವುದಿಲ್ಲ. ಯಾರಿಗಾದರೂ ಕೊಡಬೇಕು.

ಮಧ್ಯಾಹ್ನ ಊಟದ ಹೊತ್ತಾಗುತ್ತಲೇ ಡಬ್ಬಿ ಹಿಡಿದು ಮೊದಲು ಗೇಟಿಗೆ ಹೋದ. "ಇವತ್ತು ನನ್ನ ಊಟ ನೀನು ಮಾಡು."

ವಾಚ್‌ಮನ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಾಕೆ ಸಾರ್, ಮನೇಲಿ ಜಗಳನಾ?"

"ಛೆ, ಹಸಿವಿಲ್ಲ ಅಷ್ಟೇ."

"ಜಗಳ ಆದ್ರೇನೇ ಹಸಿವು ಸಾಯೋದು. ನಾನು ಈ ಡಬ್ಬಿ ಮುಟ್ಟಲ್ಲ ಸಾರ್. ಸಂಸಾರದ ಪಾಪ ನನಗ್ಯಾಕೆ?"

ಡಬ್ಬಿರಾಯ ಮೆಟ್ಟಿಲು ಹತ್ತುವ ಮೊದಲೇ ಸುದ್ದಿ ಹತ್ತಿತ್ತು. ಟೈಪಿಸ್ಟ್ ಮೇಡಂ ಕಣ್ಣಲ್ಲಿ ಕರುಣೆ ತುಂಬಿಕೊಂಡು ಕಾಯುತ್ತಿದ್ದರು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀವು ಉಣ್ಣದೇ ಇದ್ರೆ ಅದು ಮುಗಿಯೋದು ಹೇಗೆ ರಾಯರೇ?"

"ಜಗಳಾನೇ ಆಗಿಲ್ಲ ಮೇಡಂ!"

"ಹಾಗೇ ಹೇಳಬೇಕು. ಮನೆ ಮಾನ ಬೀದಿಗೆ ತರಬಾರದು. ನೀವು ದೊಡ್ಡವರು." ಹೀಗೆಂದವರು ಅವನು ಆ ಕಡೆ ತಿರುಗಿದ ಕೂಡಲೇ ಫೋನು ಎತ್ತಿಕೊಂಡರು. ಅವರು ಬಟ್ಟೆ ಹೊಲಿಸುವುದು ಅವನ ಹೆಂಡತಿಯ ಹತ್ತಿರವೇ, ನಂಬರಿಗೇನೂ ಬರವಿರಲಿಲ್ಲ. "ಅಕ್ಕಾ, ಅವರೇನೇ ಮಾಡಿದ್ರೂ ಒಂದ್ಸಲ ಕ್ಷಮಿಸಿಬಿಡಿ. ಊಟಾನೇ ಬಿಟ್ಟಿದ್ದಾರೆ ಪಾಪ" ಎಂದದ್ದು ಡಬ್ಬಿರಾಯನಿಗೆ ಕೇಳಿಸಲಿಲ್ಲ. ಅವನು ಆಗಲೇ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟುತ್ತಿದ್ದ.

ಹೋಟೆಲಿನ ಹಿತ್ತಲ ಬಾಗಿಲಲ್ಲಿ ದಪ್ಪ ಮೀಸೆಯ ಅಡುಗೆಯವನು ಬೆವರು ಒರೆಸಿಕೊಳ್ಳುತ್ತಿದ್ದ.

"ಈ ಊಟ ತಗೊಳ್ಳಿ. ಡಬ್ಬಿ ಮಾತ್ರ ವಾಪಸ್ ಬೇಕು."

"ಯಾಕೆ, ಹಳಸಿದೆಯಾ?"

"ಹಳಸೋದಾ? ನನ್ನ ಹೆಂಡತಿ ಅಡುಗೆ ಅದು!" ಡಬ್ಬಿರಾಯನಿಗೆ ಸಿಟ್ಟೇ ಬಂತು.

"ಅಷ್ಟು ಚೆನ್ನಾಗಿದ್ರೆ ಯಾಕೆ ಕೊಡ್ತಿದ್ದೀರಿ?"

ಡಬ್ಬಿರಾಯ ಅತ್ತಿತ್ತ ನೋಡಿ ನಿಜ ಹೇಳಿದ. ಅಡುಗೆಯವನ ಮುಖ ಅರಳಿತು. ನನ್ನ ಕೈಯಡುಗೆ ತಿನ್ನಲು ಇಷ್ಟು ಕಷ್ಟಪಟ್ಟವರು ಈವರೆಗೆ ಯಾರೂ ಇಲ್ಲ ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಸಂಜೆ ಮನೆಗೆ ಹೋಗುವಾಗ ತಗೊಂಡು ಹೋಗಿ" ಎಂದ.

ಡಬ್ಬಿರಾಯ ಸುತ್ತಿ ಬಂದು ಮುಂಬಾಗಿಲಿಂದ ಗಾಂಭೀರ್ಯದಿಂದ ಒಳಹೊಕ್ಕ. ಹೊಕ್ಕವನು ಅಲ್ಲೇ ನಿಂತ. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಮೇಲ್ವಿಚಾರಕರು ಕುಳಿತಿದ್ದರು.

"ಬನ್ನಿ ಬನ್ನಿ! ಕೊನೆಗೂ ಬಂದ್ರಲ್ಲ. ಮೊದಲ ಸಲ ಬಂದವರು ಬಿಲ್ ಕೊಡೋದು ಇಲ್ಲಿಯ ಪದ್ಧತಿ" ಎಂದು ಅವರು ಆ ಕ್ಷಣವೇ ಒಂದು ಪದ್ಧತಿ ಹುಟ್ಟಿಸಿದರು.

ಡಬ್ಬಿರಾಯ ಎದೆ ಗಟ್ಟಿ ಮಾಡಿಕೊಂಡು ಬಡಿಸುವವಳಿಗೆ ಹೇಳಿದ: "ಆಕ್ಟೋಪಸ್."

"ಅದಿನ್ನೂ ಬೆಂದಿಲ್ಲ ಸಾರ್, ತುಂಬಾ ಹೊತ್ತು ಬೇಕು. ಆದ್ರೆ ಇವತ್ತು ಒಂದು ಸ್ಪೆಷಲ್ ಇದೆ. ಈಗಷ್ಟೇ ಬಂದಿದ್ದು, ಬೇರೆಲ್ಲೂ ಸಿಗಲ್ಲ."

"ಎರಡು ತಗೊಂಡು ಬಾಮ್ಮ" ಎಂದರು ಮೇಲ್ವಿಚಾರಕರು. "ರಾಯರು ಇವತ್ತು ಏನಾದ್ರೂ ವಿಚಿತ್ರವಾದದ್ದು ತಿನ್ನಲೇಬೇಕು."

ಮುಸುರೆ ಬಾನಿಯಷ್ಟು ಅಗಲದ ಬಿಳಿ ತಟ್ಟೆಗಳು ಬಂದವು. ನಟ್ಟನಡುವೆ ಎರಡೆರಡು ಪುಟ್ಟ ಸುರುಳಿ. ಸುತ್ತ ಕೆಂಪು ಸಾಸಿನಲ್ಲಿ ಹಾವು ಹರಿದಂಥ ಗೆರೆ, ಮೇಲೊಂದು ಸೊಪ್ಪಿನ ಎಸಳು. ಡಬ್ಬಿರಾಯ ಕುತೂಹಲದಿಂದ ಬಗ್ಗಿ ನೋಡಿದ. ಎಲೆಕೋಸಿನ ಎಲೆಯಲ್ಲಿ ಅನ್ನ, ಆಲೂಗಡ್ಡೆ ತುಂಬಿ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ದಾರ ಕಟ್ಟಿತ್ತು. ನೀಲಿ ದಾರ. ಇದನ್ನು ಮಾಡುವಾಗ ಆ ಹೊತ್ತು ಹೊಲಿಗೆ ಯಂತ್ರದಲ್ಲಿದ್ದ ದಾರವನ್ನೇ ಕಿತ್ತು ಕಟ್ಟುವ ಹೆಂಗಸು ಲೋಕದಲ್ಲಿ ಒಬ್ಬಳೇ. ಅವಳು ನಿನ್ನೆಯಿಂದ ಪಕ್ಕದ ಮನೆಯ ನೀಲಿ ಪರದೆ ಹೊಲಿಯುತ್ತಿದ್ದಳು.

 ಕೂಗಾಡೋಣವೆಂದರೆ ಹೆಂಡತಿ ಕೊಟ್ಟ ಊಟವನ್ನು ಹಿತ್ತಲಲ್ಲಿ ದಾಟಿಸಿದ್ದು ಇವರಿಗೆ ಗೊತ್ತಾಗುತ್ತದೆ. ಕಳ್ಳನಿಗೆ ಚೇಳು ಕುಟುಕಿದ ಹಾಗೆ ನೀಲಿ ದಾರ ಬಿಚ್ಚಿ ಸುರುಳಿಯನ್ನು ಬಾಯಿಗಿಟ್ಟುಕೊಂಡ.

ಮೇಲ್ವಿಚಾರಕರು ಕಣ್ಣು ಮುಚ್ಚಿ ಅಗಿದರು. "ಆಹಾ! ಹೇಳಿ ರಾಯರೇ, ಇಂಥದ್ದು ಮನೇಲಿ ಮಾಡೋಕಾಗುತ್ತಾ? ಒಂದಿನ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ, ಅಡುಗೆ ಅಂದ್ರೆ ಏನೂಂತ ಅವರೂ ಕಲೀಲಿ. ಈಗ ತಿಂದಿದ್ದೀರಲ್ಲ, ನಿಮ್ಮ ಅಭಿಪ್ರಾಯ?"

"ಉಪ್ಪು ಸ್ವಲ್ಪ ಕಮ್ಮಿ" ಎಂದ ಡಬ್ಬಿರಾಯ, ದಿನವೂ ಹೇಳುವ ಹಾಗೆಯೇ. ಮತ್ತೆ ತನ್ನ ಊಟಕ್ಕೆ ತಾನೇ ಬಿಲ್ ಕೊಟ್ಟು ಹೊರಬಂದ.

ಸಂಜೆ ಹಿತ್ತಲ ಬಾಗಿಲಿಗೆ ಹೋದಾಗ ಅಡುಗೆಯವನಿರಲಿಲ್ಲ. ಪಾತ್ರೆ ತೊಳೆಯುವವಳು ಡಬ್ಬಿ ತಂದು ಕೈಗಿತ್ತಳು. ಡಬ್ಬಿ ಭಾರವೆನಿಸಿತು. ಮನಸ್ಸು ಭಾರವಾದಾಗ ಕೈಯಲ್ಲಿರುವುದೂ ಭಾರವಾಗುವುದು ಸಹಜ ಎಂದುಕೊಂಡು ಮನೆ ದಾರಿ ಹಿಡಿದ.

ಹೆಂಡತಿ ಯಂತ್ರ ನಿಲ್ಲಿಸಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಾಯಿ ಗುಂಡಿ ಹೊಲಿಯುವ ನೆಪದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

"ನಿಮ್ಮ ಟೈಪಿಸ್ಟ್ ಫೋನ್ ಮಾಡಿದ್ರು. ನಾನು ನಿಮ್ಮನ್ನ ಕ್ಷಮಿಸಬೇಕಂತೆ. ಕ್ಷಮಿಸ್ತೀನಿ. ಏನು ಮಾಡಿದ್ದೀರಿ ಅಂತ ಮೊದಲು ಹೇಳಿ."

"ಏನೂ ಮಾಡಿಲ್ಲ!"

"ಊಟ?"

"ಮಾಡಿದೆ. ನೀಲಿ ದಾರದ ಸುರುಳಿ. ನಿನ್ನಾಣೆ, ಬಾಯಾರೆ ತಿಂದೆ!" ಇಡೀ ದಿನದಲ್ಲಿ ಧೈರ್ಯವಾಗಿ ಆಡಬಹುದಾದ ಒಂದೇ ನಿಜ ಅವನಿಗೆ ಸಿಕ್ಕಿತ್ತು. ಅವಳ ಮುಖ ಸಡಿಲವಾಯಿತು. ಬದುಕಿದೆಯಾ ಬಡಜೀವವೇ ಎಂದು ಅವನು ಚಪ್ಪಲಿ ಬಿಡುವಷ್ಟರಲ್ಲಿ ಅವಳು ತೊಳೆಯಲೆಂದು ಡಬ್ಬಿಯ ಮುಚ್ಚಳ ತೆಗೆದಳು.

ಒಳಗಿಂದ ಎಂಟು ಕಾಲುಗಳು ಸುರುಳಿ ಸುತ್ತಿಕೊಂಡು ಇಣುಕಿದವು.

ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಅತ್ತೆಯ ಕೈಯಿಂದ ಸೂಜಿ ಬಿದ್ದೇ ಬಿಟ್ಟಿತು. ಡಬ್ಬಿರಾಯ ಕುರ್ಚಿಯಲ್ಲಿ ಕುಸಿದು ವಾಷರಿನಿಂದ ಹಿಡಿದು ಬಿಲ್ಲಿನವರೆಗೆ ಒಂದೂ ಬಿಡದೆ ಒಪ್ಪಿಸಿದ.

ಅವಳು ಬೈಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಡಬ್ಬಿಯೊಳಗೇ ನೋಡುತ್ತಿದ್ದಳು.

"ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ತುಂಬಿ ಕಳಿಸಿದ್ದಾನೆ. ಮರ್ಯಾದಸ್ಥ" ಎಂದರು ಅತ್ತೆ, ಕನ್ನಡಕ ಏರಿಸಿಕೊಳ್ಳುತ್ತ. "ಈ ಬಟ್ಟಲುಗಳನ್ನ ತಿನ್ನೋದೋ, ಉಗುಳೋದೋ?"

"ನೋಡೇ ಬಿಡೋಣಮ್ಮ" ಎಂದು ಅವಳು ಒಂದು ಕಾಲು ಮುರಿದಳು. ತಾಯಿ ಇನ್ನೊಂದು ಮುರಿದರು. ಇಬ್ಬರೂ ಅಗಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.  ಕಾಲುಗಳು ಒಂದೊಂದಾಗಿ ಮಾಯವಾಗತೊಡಗಿದವು.

"ನನಗೊಂದು…" ಎಂದು ಡಬ್ಬಿರಾಯ ಕೈ ಚಾಚಿದ.

"ಹೊರಗಿನದು ನಿಮಗೆ ಆಗಲ್ವಲ್ಲ ಅಳಿಯಂದ್ರೇ" ಎಂದು ಅತ್ತೆ ಕೊನೆಯದನ್ನು ಬಾಯಿಗಿಟ್ಟುಕೊಂಡರು.

"ಹೋಗಲಿ, ಹೇಗಿತ್ತು ಅಂತಾದ್ರೂ ಹೇಳು."

"ಉಪ್ಪು ಸ್ವಲ್ಪ ಕಮ್ಮಿ" ಎಂದಳು ಹೆಂಡತಿ, ಬೆರಳು ನೆಕ್ಕುತ್ತ. ಆಮೇಲೆ ಎದ್ದು ಎಲೆಕೋಸು ತೆಗೆದಳು. "ನಾವೂ ಖಾಲಿ ಡಬ್ಬಿ ಕಳಿಸಬಾರದು. ನಾಳೆ ಬೆಳಗ್ಗೆ ಸುರುಳಿ ತುಂಬಿಕೊಡ್ತೀನಿ, ಅವರಿಗೆ ಕೊಡಿ. ಸಂಜೆ ಅವರು ತುಂಬಿಕೊಟ್ಟಿದ್ದನ್ನ ನಮಗೆ ತಂದುಕೊಡಿ. ದಾರೀಲಿ ಮುಚ್ಚಳ ತೆಗೀಬೇಡಿ."

"ಮತ್ತೆ ನನ್ನ ಊಟ?"

"ಎದುರಿಗೇ ಹೋಟೆಲ್ ಇದೆಯಲ್ಲ. ಅಲ್ಲಿ ನೀಲಿ ದಾರದ ಸುರುಳಿ ತುಂಬಾ ಚೆನ್ನಾಗಿರುತ್ತಂತೆ."